ಓಪನ್ ಸೈಟೋ, ಡಾಟೋ? 10 ಮೀಟರ್ ಪಿಸ್ತೂಲಿಗೆ ಯಾವುದು, ಯಾಕೆ

ಮುಂಗಣ್ಣು, ತುಮಕೂರು | ಶನಿವಾರ ಬೆಳಿಗ್ಗೆ 8:10

ನಮಸ್ಕಾರ ಎಲ್ರಿಗೂ. ಪ್ರಶ್ನೆ ಹಳೇದೇ ಇರ್ಬಹುದು, ಆದ್ರೆ ಎಲ್ಲ ಕಡೆ ಅರ್ಧರ್ಧ ಉತ್ತರ ಸಿಗ್ತಿದೆ.

ವಯಸ್ಸು 47. 10 ಮೀಟರ್ ಏರ್ ಪಿಸ್ತೂಲು, ಮಾಮೂಲಿ ಓಪನ್ ಸೈಟ್: ಹಿಂದೆ ರಿಯರ್ ಸೈಟಿನ ಸೀಳು (ನಾಚ್), ಮುಂದೆ ಫ್ರಂಟ್ ಸೈಟಿನ ಪಟ್ಟಿ (ಬ್ಲೇಡ್). ದೂರದ ಕನ್ನಡಕ ಹಾಕಿದ್ರೆ ಟಾರ್ಗೆಟ್ಟಿನ ಕಪ್ಪು ಕತ್ತರಿಸಿಟ್ಟ ಹಾಗೆ ಕಾಣುತ್ತೆ, ಫ್ರಂಟ್ ಸೈಟಿನ ಅಂಚು ಮಾತ್ರ ಹತ್ತಿ ಮೆತ್ತಿದ ಹಾಗೆ. +1.75ರ ಓದೋ ಕನ್ನಡಕ ಹಾಕಿದ್ರೆ ರಿಯರ್ ಸೈಟ್ ಚೊಕ್ಕ, ಟಾರ್ಗೆಟ್ ಮಾತ್ರ ಬೂದಿ ಬಣ್ಣದ ಮೋಡ. ರೇಂಜಲ್ಲಿ ಇಬ್ರು "ರೆಡ್ ಡಾಟ್ ಹಾಕಿಬಿಡಿ ಸಾರ್, ತಲೆನೋವೇ ಇಲ್ಲ" ಅಂತಾರೆ. ಗಾಜಿನೊಳಗೆ ಕೆಂಪು ಚುಕ್ಕೆ ತೋರಿಸೋ ಸೈಟ್ ಅದು. ಇನ್ನಿಬ್ರು "ಡಾಟ್ ಹಾಕಿದ್ರೆ ಕೈ ಕೆಡುತ್ತೆ" ಅಂತಾರೆ. ಜಿಲ್ಲೆ, ರಾಜ್ಯ ಮಟ್ಟದ ಮ್ಯಾಚ್ ಆಡೋ ಆಸೆನೂ ಇದೆ. ದುಡ್ಡು ಸುರಿಯೋಕೆ ಮುಂಚೆ ಕೇಳ್ತಿದೀನಿ, ಯಾರ ಮಾತು ಸರಿ?

ತಟ್ಟೆಇಡ್ಲಿ | 8:21

ಶೀರ್ಷಿಕೆ ನೋಡಿ ಕ್ಯಾತ್ಸಂದ್ರದ ಕಡೆ 30×40 ಓಪನ್ ಸೈಟು ಮಾರಾಟಕ್ಕಿದೆ ಅಂತ ಓಡಿ ಬಂದೆ. ಬಂದವನು ಓದ್ಕೊಂಡು ಹೋಗ್ತೀನಿ ಬಿಡಿ.

ಟ್ರಿಗರ್ ರಾಯ, ಕೋಲಾರ | 8:34

ಮ್ಯಾಚ್ ಆಡೋ ಆಸೆ ಇದೆ ಅಂದ ಮೇಲೆ ಅರ್ಧ ಉತ್ತರ ಅಲ್ಲೇ ಮುಗೀತು. ಐಎಸ್‌ಎಸ್‌ಎಫ್ (ಶೂಟಿಂಗಿನ ವಿಶ್ವ ಸಂಸ್ಥೆ) ನಿಯಮದಲ್ಲಿ ಪಿಸ್ತೂಲಿಗೆ ಓಪನ್ ಸೈಟ್ ಒಂದೇ. ದುರ್ಬೀನು, ಕನ್ನಡಿ, ಲೇಸರ್, ಎಲೆಕ್ಟ್ರಾನಿಕ್ ಚುಕ್ಕೆ, ಯಾವುದೂ ನಡೆಯಲ್ಲ. ಹೊಳೆಯೋ ಫೈಬರ್ ಕಡ್ಡಿ ಹಾಕಿದ ಫ್ರಂಟ್ ಸೈಟೂ ನಡೆಯಲ್ಲ. ನಮ್ಮಲ್ಲಿ ಎನ್‌ಆರ್‌ಎಐ (ದೇಶದ ರೈಫಲ್ ಸಂಘ) ನಡೆಸೋ ಮ್ಯಾಚು, ಅದರ ಕೆಳಗಿನ ರಾಜ್ಯದ ಮ್ಯಾಚು ಎಲ್ಲ ಇದೇ ದಾರಿ. 10 ಮೀಟರೂ ಅಷ್ಟೇ, 25 ಮೀಟರೂ ಅಷ್ಟೇ.

10 ಮೀಟರಿನ ಉಳಿದ ಲೆಕ್ಕನೂ ಒಟ್ಟಿಗೇ ಬರ್ಕೊಳ್ಳಿ: ಟ್ರಿಗರ್ ಕನಿಷ್ಠ 500 ಗ್ರಾಂ, ಪಿಸ್ತೂಲಿನ ತೂಕ ಗರಿಷ್ಠ 1500 ಗ್ರಾಂ, 420×200×50 ಮಿ.ಮೀ. ಪೆಟ್ಟಿಗೆಯೊಳಗೆ ಕೂರಬೇಕು. ಡಾಟ್ ಕೂರಿಸಿದ ಪಿಸ್ತೂಲು ಸಾಮಾನು ತಪಾಸಣೆ ಮೇಜಿನಿಂದಲೇ ವಾಪಸ್.

ಅಮಾನಿಕೆರೆ, ತುಮಕೂರು | 8:52

ರಾಯ್ರೇ, ನಿಯಮ ಬೇರೆ, ಕಲಿಕೆ ಬೇರೆ. ಅಭ್ಯಾಸಕ್ಕೆ ಡಾಟ್ ಹಾಕ್ಬೇಡಿ ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲವಲ್ಲ? ಓಪನ್ ಸೈಟಲ್ಲಿ ಕಣ್ಣು ಮೂರು ದೂರಕ್ಕೆ ಒದ್ದಾಡ್ಬೇಕು: ರಿಯರ್, ಫ್ರಂಟ್, ಟಾರ್ಗೆಟ್. ಡಾಟಲ್ಲಿ ಚುಕ್ಕೆ ಟಾರ್ಗೆಟ್ಟಿನ ಮೇಲೇ ಅಂಟಿದ ಹಾಗೆ ಕಾಣುತ್ತೆ, ಒಂದೇ ದೂರ. 47ರ ಕಣ್ಣಿಗೆ ಇದಕ್ಕಿಂತ ಇನ್ನೇನು ಬೇಕು. 3 ಎಂಒಎ (ಕೋನದ ಅಳತೆ, ಡಿಗ್ರಿಯ ಅರವತ್ತನೇ ಒಂದು ಭಾಗ) ಚುಕ್ಕೆ ತಗೊಳ್ಳಿ, 10 ಮೀಟರಲ್ಲಿ 3 ಮಿ.ಮೀ. ಮುಚ್ಚುತ್ತೆ ಅಷ್ಟೇ. ಡಾಟಲ್ಲಿ ತಲೆ ಎಲ್ಲಿಟ್ರೂ ಗುಂಡು ಚುಕ್ಕೆ ಇದ್ದಲ್ಲಿಗೇ ಹೋಗುತ್ತೆ, ಅದು ಇನ್ನೊಂದು ಲಾಭ.

ಲೆಕ್ಕದ ಮೇಷ್ಟ್ರು, ಮಧುಗಿರಿ | 9:15

ಅಮಾನಿಕೆರೆಯವರೇ, ಎರಡು ತಪ್ಪು. ಮೊದಲನೇದು ಈಗ, ಎರಡನೇದನ್ನ ಬೇರೆ ಯಾರಾದ್ರೂ ಹಿಡೀತಾರೆ.

1 ಎಂಒಎ ಅಂದ್ರೆ 100 ಮೀಟರಲ್ಲಿ ಸುಮಾರು 29 ಮಿ.ಮೀ. ಹಾಗಾಗಿ 10 ಮೀಟರಲ್ಲಿ 2.9, 25 ಮೀಟರಲ್ಲಿ 7.3. 3 ಎಂಒಎ ಚುಕ್ಕೆ 10 ಮೀಟರಲ್ಲಿ ಮುಚ್ಚೋದು 8.7 ಮಿ.ಮೀ., 6 ಎಂಒಎ ಆದ್ರೆ 17.5. ಏರ್ ಪಿಸ್ತೂಲ್ ಹಾಳೆಯಲ್ಲಿ 10ರ ಉಂಗುರವೇ 11.5 ಮಿ.ಮೀ., ಕಪ್ಪು ಪೂರ್ತಿ 59.5. ಅಂದ್ರೆ 6 ಎಂಒಎ ಚುಕ್ಕೆ ಹತ್ತನ್ನ ನುಂಗಿಬಿಡುತ್ತೆ. ಅದರಿಂದ ಅಂಥಾ ನಷ್ಟ ಏನಿಲ್ಲ, 10 ಮೀಟರಿಂದ ಬರಿಗಣ್ಣಿಗೆ ಹತ್ತರ ಗೆರೆ ಹೇಗೂ ಕಾಣಲ್ಲ. ವೃತ್ತದ ನಡುವೆ ವೃತ್ತ ಕೂರಿಸೋದು ಕಣ್ಣಿಗೆ ಸುಲಭದ ಕೆಲಸ. ಆದ್ರೆ ಸಂಖ್ಯೆ ಸರಿ ಇರ್ಲಿ.

ಈಗ ಓಪನ್ ಸೈಟಿನ ಲೆಕ್ಕ, ಇದೇ ಮುಖ್ಯ. ರಿಯರಿಂದ ಫ್ರಂಟಿಗೆ 320 ಮಿ.ಮೀ. ಇದೆ ಅಂದ್ಕೊಳ್ಳಿ. ನಾಚ್ ಒಳಗೆ ಫ್ರಂಟ್ ಬ್ಲೇಡು 1 ಮಿ.ಮೀ. ಪಕ್ಕಕ್ಕೆ ಸರಿದ್ರೆ 10 ಮೀಟರಲ್ಲಿ ಗುಂಡು 31 ಮಿ.ಮೀ. ಆಚೆ. ಉಂಗುರದಿಂದ ಉಂಗುರಕ್ಕೆ 8 ಮಿ.ಮೀ., ಅಂದ್ರೆ ಹತ್ತಿರ ಹತ್ತಿರ ನಾಲ್ಕು ಉಂಗುರ ಹೋಯ್ತು. ಕಾಲು ಮಿ.ಮೀ. ಸರಿದ್ರೂ ಒಂದು ಉಂಗುರ. ಅದೇ ಸೈಟೆರಡೂ ನೇರ ಇದ್ದು ಇಡೀ ಕೈ ಸಮಾನಾಂತರವಾಗಿ 5 ಮಿ.ಮೀ. ತೂಗಾಡಿದ್ರೆ ಗುಂಡೂ ಬರೀ 5 ಮಿ.ಮೀ. ಆಚೆ, ಒಂದು ಉಂಗುರವೂ ಪೂರ್ತಿ ಇಲ್ಲ. ಮಣಿಕಟ್ಟು ಮುರಿದ್ರೆ ಸತ್ತಿರಿ, ಭುಜ ತೂಗಿದ್ರೆ ಬದುಕಿದಿರಿ.

ಟ್ರಿಗರ್ ರಾಯ, ಕೋಲಾರ | 9:22

ಮೇಷ್ಟ್ರ ಕೊನೇ ವಾಕ್ಯ ರೇಂಜಿನ ಗೋಡೆ ಮೇಲೆ ಬರೆಸಬೇಕು.

ಅಮಾನಿಕೆರೆ, ತುಮಕೂರು | 9:26

ಎಂಒಎ ಲೆಕ್ಕ ಒಪ್ಕೊಂಡೆ. ಆದ್ರೆ ಮೇಷ್ಟ್ರೇ, ನೀವು ಹೇಳಿದ್ದೇ ಡಾಟಿನ ಪರ ವಾದ ಆಯ್ತಲ್ಲ. ನಾಚ್ ಇಲ್ಲ, ಬ್ಲೇಡಿಲ್ಲ, ಮಣಿಕಟ್ಟಿನ ತಪ್ಪೇ ಇಲ್ಲ!

ಲೆಕ್ಕದ ಮೇಷ್ಟ್ರು, ಮಧುಗಿರಿ | 9:40

ತಪ್ಪು ಇದ್ದೇ ಇರುತ್ತೆ, ಕಾಣೋ ಜಾಗ ಬೇರೆ. ಮಣಿಕಟ್ಟು ಕಾಲು ಮಿ.ಮೀ. ತಿರುಗಿದ್ರೆ ಪಿಸ್ತೂಲು ಅಷ್ಟೇ ಕೋನ ತಿರುಗುತ್ತೆ, ಸೈಟ್ ಯಾವುದಾದ್ರೂ ಗುಂಡು ಅದೇ 8 ಮಿ.ಮೀ. ಆಚೆ. ಓಪನ್ ಸೈಟಲ್ಲಿ ಆ ತಪ್ಪು ನಾಚ್ ಒಳಗೆ ಅಡಗಿ ಕೂತಿರುತ್ತೆ. ಬ್ಲೇಡು ಕಪ್ಪಿನ ಕೆಳಗೇ ಕಾಣ್ತಿರುತ್ತೆ, ನೋಡೋನಿಗೆ ಎಲ್ಲ ಸರಿ ಅನ್ಸುತ್ತೆ, ಗುಂಡು ಒಂಬತ್ತರಲ್ಲಿ. ಡಾಟಲ್ಲಿ ಅದೇ ತಪ್ಪು ಟಾರ್ಗೆಟ್ ಮೇಲೆ ಬಯಲಾಗುತ್ತೆ, ಚುಕ್ಕೆ ಎದ್ದು ಆಚೆ ಹೋಗೋದು ಕಣ್ಣಿಗೆ ಕಾಣುತ್ತೆ. ಡಾಟ್ ತಪ್ಪು ತೋರಿಸೋ ಸಾಧನ, ತಿದ್ದೋ ಸಾಧನ ಅಲ್ಲ.

ನಂದಿಗಾಳಿ, ಚಿಕ್ಕಬಳ್ಳಾಪುರ | 9:58

ಎರಡನೇ ತಪ್ಪು ನಾನು ಹಿಡೀತೀನಿ. "ತಲೆ ಎಲ್ಲಿಟ್ರೂ ಚುಕ್ಕೆ ಇದ್ದಲ್ಲಿಗೇ ಹೋಗುತ್ತೆ" ಅನ್ನೋದು ಪೆಟ್ಟಿಗೆ ಮೇಲಿನ ಜಾಹೀರಾತು. ಡಾಟ್ ಒಳಗೆ ಸಣ್ಣ ಎಲ್‌ಇಡಿ, ಅದರ ಬೆಳಕನ್ನ ಬಾಗಿದ ಗಾಜು ಕಣ್ಣಿಗೆ ವಾಪಸ್ ಕಳಿಸುತ್ತೆ, ಅಷ್ಟೇ. ಐರ್ಲೆಂಡಿನ ಹೋವರ್ಡ್ ಗ್ರಬ್ 1900ರಲ್ಲೇ ಈ ತತ್ತ್ವ ಕಂಡುಹಿಡಿದ. ಎಲ್‌ಇಡಿ ಹಾಕಿ ಬಂದೂಕಿಗೆ ತಂದಿದ್ದು 1975ರ ಹೊತ್ತಿಗೆ ಸ್ವೀಡನ್ನಿನ ಏಮ್‌ಪಾಯಿಂಟ್. ಚುಕ್ಕೆಯ ಬಿಂಬ ಒಂದು ನಿರ್ದಿಷ್ಟ ದೂರದಲ್ಲಿ ಕೂತಿರುತ್ತೆ, ಆ ದೂರದಲ್ಲಿ ಮಾತ್ರ ಪ್ಯಾರಲಾಕ್ಸ್ (ತಲೆ ಸರಿದ್ರೆ ಚುಕ್ಕೆ ಜಾರೋದು) ಸೊನ್ನೆ.

ಲೆಕ್ಕ ಸುಲಭ. ಸೈಟು 45 ಮೀಟರಿಗೆ ಹೊಂದಿಸಿದ್ದು, ನಿಮ್ಮ ಟಾರ್ಗೆಟ್ 10 ಮೀಟರಲ್ಲಿ, ಕಣ್ಣು ಗಾಜಿನ ನಡುವಿನಿಂದ 8 ಮಿ.ಮೀ. ಪಕ್ಕಕ್ಕಿದೆ. 8 × (1 − 10/45), ಅಂದ್ರೆ ಗುಂಡು 6 ಮಿ.ಮೀ. ಆಚೆ. ಅಂಚಿಗೆ ಬೀಳೋ ಹತ್ತು ಹೋಗಿ ಒಂಬತ್ತು ಆಗೋಕೆ ಇಷ್ಟೇ ಸಾಕು. ಅನಂತ ದೂರಕ್ಕೆ ಹೊಂದಿಸಿದ್ದಾದ್ರೆ ಪೂರ್ತಿ 8 ಮಿ.ಮೀ. ಅದೇ ಸೈಟಲ್ಲಿ 45 ಮೀಟರ್ ದೂರ ಹೊಡೆದ್ರೆ ಸೊನ್ನೆ. 10 ಮೀಟರ್ ಅನ್ನೋದು ಡಾಟಿಗೆ ಕೆಟ್ಟ ದೂರ ಅಂತ ಇದಕ್ಕೇ ಹೇಳೋದು.

ಪರೀಕ್ಷೆ ಮಾಡ್ಕೊಳ್ಳಿ: ಪೆಲೆಟ್ ಇಲ್ಲದ ಪಿಸ್ತೂಲನ್ನ ಮರಳುಚೀಲದ ಮೇಲೆ ಅಲ್ಲಾಡದ ಹಾಗೆ ಕೂರಿಸಿ, ಮುಟ್ಟದೆ ತಲೆ ಮಾತ್ರ ಎಡ ಬಲ ಆಡಿಸಿ. ಚುಕ್ಕೆ ಟಾರ್ಗೆಟ್ ಮೇಲೆ ಎಷ್ಟು ಜಾರುತ್ತೆ ನೋಡಿ. ಅಷ್ಟು ನಿಮ್ಮ ಸಾಲ.

ರಾಗಿಮುದ್ದೆ, ಮಾಲೂರು | 10:05

ಹಂಗಾದ್ರೆ ಡಾಟಲ್ಲೂ ಚುಕ್ಕೆನ ಗಾಜಿನ ನಡುವೆ ಇಡೋ ಕೆಲಸ ತಪ್ಪಲಿಲ್ಲ. ನಾಚ್ ಹೋಯ್ತು, ಕಿಟಕಿ ಬಂತು.

ನಂದಿಗಾಳಿ, ಚಿಕ್ಕಬಳ್ಳಾಪುರ | 10:07

ಸರಿಯಾಗಿ ಹೇಳಿದ್ರಿ.

ಕನ್ನಡಕದಂಗಡಿ, ಚಿಂತಾಮಣಿ | 10:31

ಎಲ್ಲರೂ ಪಿಸ್ತೂಲಿನ ಬಗ್ಗೆ ಮಾತಾಡ್ತಿದೀರ, ಪ್ರಶ್ನೆ ಇರೋದು ಕಣ್ಣಿಂದು. ಇದು ಚಾಳೀಸು, ಡಾಟ್ ಇದಕ್ಕೆ ಮದ್ದಲ್ಲ.

ಮುಂಗಣ್ಣು ಅವರೇ, +1.75 ಕಣ್ಣನ್ನ ಸುಮಾರು 57 ಸೆಂ.ಮೀ. ದೂರಕ್ಕೆ ಹೊಂದಿಸುತ್ತೆ. ನೀಟಿದ ಕೈಯಲ್ಲಿ ರಿಯರ್ ಸೈಟ್ ಇರೋದೂ ಅಲ್ಲೇ, ಅದಕ್ಕೇ ರಿಯರ್ ಚೊಕ್ಕ ಕಾಣೋದು. ನಿಮಗೆ ಬೇಕಿರೋದು ಫ್ರಂಟ್ ಸೈಟು, ಅದು ಕಣ್ಣಿಂದ ಹತ್ತಿರ ಹತ್ತಿರ 1 ಮೀಟರ್, ಅಂದ್ರೆ 1 ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ). 10 ಮೀಟರಿನ ಟಾರ್ಗೆಟ್ 0.1 ಡಯಾಪ್ಟರ್. ಎರಡರ ನಡುವೆ 0.55. ಆದ್ದರಿಂದ ನಿಮ್ಮ ದೂರದ ನಂಬರಿಗೆ +0.50 ಸೇರಿಸಿ. ಬ್ಲೇಡು ಇನ್ನೂ ಚುರುಕು ಬೇಕು, ಕಪ್ಪು ಸ್ವಲ್ಪ ಮೆತ್ತಗಾದ್ರೂ ಪರವಾಗಿಲ್ಲ ಅಂದ್ರೆ +0.75. ಅದಕ್ಕಿಂತ ಮೇಲೆ ಹೋಗ್ಬೇಡಿ. ಉದಾಹರಣೆಗೆ ದೂರದ ನಂಬರು −1.00 ಇದ್ರೆ ಗುರಿಗಣ್ಣಿಗೆ −0.50. ಅಸ್ಟಿಗ್ಮ್ಯಾಟಿಸಂಗೆ ಬರೆಯೋ ಸಿಲಿಂಡರ್ ನಂಬರಿದ್ರೆ ಅದನ್ನ ಮುಟ್ಟದೆ ಹಾಗೇ ಬರೆಸಿ.

ಅಂಗಡಿಗೆ ಪಿಸ್ತೂಲ್ ಹಿಡ್ಕೊಂಡು ಹೋಗ್ಬೇಡಿ ಸ್ವಾಮಿ. ಬ್ಲೇಡಿನಷ್ಟೇ ಅಗಲದ, ಸುಮಾರು 4.5 ಮಿ.ಮೀ., ಕಪ್ಪು ರಟ್ಟಿನ ಪಟ್ಟಿಯನ್ನ ಒಂದು ಕಡ್ಡಿ ತುದಿಗೆ ಅಂಟಿಸಿ, ನಿಮ್ಮ ಕಣ್ಣಿಂದ ಫ್ರಂಟ್ ಸೈಟಿನವರೆಗೆ ಇರೋ ದೂರ ಅಳೆದು ಆ ಉದ್ದಕ್ಕೆ ಕಡ್ಡಿ ಕತ್ತರಿಸಿ. ಟ್ರಯಲ್ ಫ್ರೇಮಲ್ಲಿ ಕಾಲು ಕಾಲು ನಂಬರ್ ಬದಲಿಸ್ತಾ ಪಟ್ಟಿಯ ಅಂಚು ನೋಡಿ. ಬೆಳಿಗ್ಗೆ ಹೋಗಿ, ದಿನವಿಡೀ ಕಂಪ್ಯೂಟರ್ ನೋಡಿದ ಸಂಜೆ ಬೇಡ.

ಮುಂಗಣ್ಣು, ತುಮಕೂರು | 10:44

ತುಂಬಾ ಉಪಕಾರ ಸಾರ್. ಪ್ರೋಗ್ರೆಸಿವ್ ಕನ್ನಡಕ ಇದೆ, ಅದರ ಮಧ್ಯದ ಭಾಗದಲ್ಲಿ ನೋಡಿದ್ರೆ ಆಗಲ್ವಾ? ಇನ್ನೊಂದು, ರೇಂಜಲ್ಲಿ ಒಬ್ಬರ ಡಾಟ್ ನೋಡಿದೆ. ಗುಂಡಗಿರಲಿಲ್ಲ, ಅಲ್ಪವಿರಾಮದ ಥರ ಬಾಲ ಇತ್ತು. ಕೆಟ್ಟಿದ್ಯಾ?

ಕನ್ನಡಕದಂಗಡಿ, ಚಿಂತಾಮಣಿ | 11:02

ಪ್ರೋಗ್ರೆಸಿವ್ ಬೇಡವೇ ಬೇಡ. ತಲೆ ಒಂದು ಕೂದಲು ಎತ್ತಿದ್ರೂ ನಂಬರು ಬದಲಾಗುತ್ತೆ. ಮೊದಲ ಗುಂಡಿಗೂ ಅರವತ್ತನೇ ಗುಂಡಿಗೂ ತಲೆ ಒಂದೇ ಜಾಗದಲ್ಲಿರಲ್ಲ. ಒಂಟಿ ನಂಬರಿನ ಗಾಜೇ ಬೇಕು. ಪಿಸ್ತೂಲು ಹೊಡೆಯೋವಾಗ ಮುಖ ಓರೆ ಇರುತ್ತೆ, ಮಾಮೂಲಿ ಫ್ರೇಮಲ್ಲಿ ನೀವು ಗಾಜಿನ ಅಂಚಿಂದ ನೋಡ್ತಿರ್ತೀರ, ಅಲ್ಲಿ ಗಾಜು ಚಿತ್ರವನ್ನ ಎಳೆದು ಕೆಡಿಸುತ್ತೆ. ಶೂಟಿಂಗ್ ಫ್ರೇಮಲ್ಲಿ ಗಾಜನ್ನ ತಿರುಗಿಸಿ ನೋಟಕ್ಕೆ ಲಂಬವಾಗಿ, ನೋಟ ಗಾಜಿನ ನಡುವೆ ಹಾಯೋ ಹಾಗೆ ಕೂರಿಸಬಹುದು. ಆ ಫ್ರೇಮಿಗೇ ಐರಿಸ್ (ನಡುವಿನ ತೂತು ಹಿಗ್ಗಿಸಿ ಕುಗ್ಗಿಸೋ ಬಿಲ್ಲೆ) ಸಿಗುತ್ತೆ, ತೂತು ಚಿಕ್ಕದು ಮಾಡಿದಷ್ಟೂ ಹತ್ತಿರ ದೂರ ಎರಡೂ ಚೊಕ್ಕ. ಅತಿಯಾದ್ರೆ ಕತ್ತಲೆ. ಗಾಜು, ಐರಿಸ್ ಕನ್ನಡಕದ ಮೇಲಿದ್ರೆ ನಿಯಮಕ್ಕೆ ಅಡ್ಡಿ ಇಲ್ಲ, ಪಿಸ್ತೂಲಿನ ಮೇಲೆ ಅಂಟಿಸೋ ಹಾಗಿಲ್ಲ.

ಬಾಲದ ಚುಕ್ಕೆ ಬಗ್ಗೆ: ಸೈಟನ್ನ ಕೈಯಲ್ಲಿ ಹಿಡಿದು ಕಾಲು ಸುತ್ತು ತಿರುಗಿಸಿ. ಬಾಲ ಸೈಟಿನ ಜತೆ ತಿರುಗಿದ್ರೆ ಸೈಟಿನ ದೋಷ. ಬಾಲ ಇದ್ದ ಕಡೆಯೇ ಇದ್ರೆ ನಿಮ್ಮ ಕಣ್ಣಿನ ಅಸ್ಟಿಗ್ಮ್ಯಾಟಿಸಂ. ಮೊಬೈಲಲ್ಲಿ ಗಾಜಿನ ಮೂಲಕ ಫೋಟೋ ತೆಗೀರಿ, ಫೋಟೋದಲ್ಲಿ ಗುಂಡಗಿದ್ರೆ ಸೈಟ್ ನಿರಪರಾಧಿ. ಸಿಲಿಂಡರ್ ನಂಬರ್ ಸರಿ ಬರೆಸದೆ ಡಾಟ್ ಕೊಂಡ್ರೆ ಎಷ್ಟು ದುಬಾರಿ ಸೈಟೂ ಬಾಲ ಬಿಚ್ಚುತ್ತೆ.

ತಟ್ಟೆಇಡ್ಲಿ | 11:09

ಎಷ್ಟೋ ಗಂಡಸರು ಹೆಂಡ್ತಿ ಕೈಲಿ ಬೈಸ್ಕೊಂಡೂ ಕಣ್ಣು ತೋರಿಸೋದು ಮುಂದೂಡ್ತಿರ್ತಾರೆ, ಅವರಿಗೆ ಈ ಚರ್ಚೆ ಓದಿಸಿ.

ಗುಡಿಬಂಡೆ ಗುರಿ | 11:30

ಅಮಾನಿಕೆರೆಯವರ ಪರ ಒಂದು ಮಾತು. ಡಾಟನ್ನ ಡ್ರೈ ಫೈರಿಗೆ (ಗುಂಡಿಲ್ಲದೆ ಟ್ರಿಗರ್ ಒತ್ತೋ ಅಭ್ಯಾಸ) ಬಳಸಿದ್ರೆ ಬೆಲೆ ಬರುತ್ತೆ. ಪಿಸ್ತೂಲ್ ಖಾಲಿ ಅಂತ ಎರಡು ಸಲ ನೋಡಿ, ಬಿಳಿ ಗೋಡೆ ಎದುರು ನಿಂತು, ಟಾರ್ಗೆಟ್ ಇಲ್ಲದೆ ಟ್ರಿಗರ್ ಒತ್ತಿ. ಕ್ಲಿಕ್ ಅನ್ನೋ ಹೊತ್ತಿಗೆ ಚುಕ್ಕೆ ಯಾವ ಕಡೆ ಹಾರ್ತು ಅನ್ನೋದೊಂದೇ ನೋಡೋದು. ಬಲಗೈಯವರಿಗೆ ಎಡಕ್ಕೆ ಕೆಳಕ್ಕೆ ಹಾರಿದ್ರೆ ಬೆರಳು ಟ್ರಿಗರನ್ನ ನೇರ ಹಿಂದಕ್ಕೆ ತರದೆ ಪಕ್ಕಕ್ಕೆ ದೂಡ್ತಿದೆ, ಇಲ್ಲಾ ಇಡೀ ಮುಷ್ಟಿ ಬಿಗೀತಿದೆ. ಓಪನ್ ಸೈಟಲ್ಲಿ ಇಷ್ಟು ಚಿಕ್ಕ ನಡುಕ ಹೊಸಬರ ಕಣ್ಣಿಗೆ ಬೀಳಲ್ಲ. ಸ್ಕ್ಯಾಟ್ ಥರದ ಎಲೆಕ್ಟ್ರಾನಿಕ್ ಟ್ರೈನರ್ ಎಲ್ಲರಿಗೂ ಎಟುಕಲ್ಲ, ಇದು ಬಡವರ ಸ್ಕ್ಯಾಟು. ದಾಖಲೆ ಉಳಿಯಲ್ಲ ಅಷ್ಟೇ.

ಡಾಟ್ ಹಾಕಿದ್ರೆ ಕೈಯ ಅಲುಗಾಟ ಹೆಚ್ಚಾಗುತ್ತೆ ಅಂತ ಕೆಲವರು ಹೇಳೋದು ಮಾತ್ರ ಸುಳ್ಳು. ಕೈ ಮೊದಲೂ ಅಷ್ಟೇ ಅಲುಗ್ತಿತ್ತು, ಈಗ ಕಾಣ್ತಿದೆ.

ಟ್ರಿಗರ್ ರಾಯ, ಕೋಲಾರ | 11:48

ಕಾಣೋದೇ ತೊಂದರೆ ಗುಡಿಬಂಡೆಯವರೇ. ಕಂಡಿದ್ದನ್ನ ಮನಸ್ಸು ಬಿಡಲ್ಲ. ಚುಕ್ಕೆ ಹತ್ತರ ಮೇಲೆ ಹಾಯೋ ಗಳಿಗೆಗೆ ಕಾದು "ಈಗ!" ಅಂತ ಟ್ರಿಗರ್ ಕಿತ್ತುಬಿಡ್ತಾರೆ. ಆ ಕಿತ್ತೋದೇ ಗುಂಡನ್ನ ಏಳಕ್ಕೆ ಒಯ್ಯುತ್ತೆ. ಓಪನ್ ಸೈಟಲ್ಲಿ ಕಣ್ಣು ಬ್ಲೇಡಿನ ಮೇಲಿರುತ್ತೆ, ಟಾರ್ಗೆಟ್ ಮಸುಕು, ಅಲುಗಾಟನೂ ಮಸುಕು, ಬೆರಳಿಗೆ ಶಾಂತಿ. ಡಾಟಲ್ಲಿ ಆರು ತಿಂಗಳು ಕಳೆದು ಓಪನ್ ಸೈಟಿಗೆ ಬಂದವರು ಟಾರ್ಗೆಟ್ಟನ್ನೇ ದಿಟ್ಟಿಸೋಕೆ ಶುರು ಮಾಡ್ತಾರೆ. ಅಲ್ಲಿಗೆ ಮೇಷ್ಟ್ರು ಹೇಳಿದ ನಾಚ್ ಒಳಗಿನ ಕಾಲು ಮಿ.ಮೀ.ನ ನೋಡೋರು ಯಾರು?

ಗುಡಿಬಂಡೆ ಗುರಿ | 11:55

ಅದಕ್ಕೇ ಗೋಡೆ ಎದುರು ಅಂದಿದ್ದು, ಟಾರ್ಗೆಟ್ ಎದುರು ಅನ್ನಲಿಲ್ಲ. ಬಿಳಿ ಗೋಡೇಲಿ ಹತ್ತು ಎಲ್ಲಿದೆ ಕಿತ್ತೋಕೆ? ವಾರಕ್ಕೆ ಒಂದು ಸಲ, 20 ಕ್ಲಿಕ್, ಸೈಟ್ ಬಿಚ್ಚಿಡಿ.

ಟ್ರಿಗರ್ ರಾಯ, ಕೋಲಾರ | 11:57

ಅಷ್ಟಾದ್ರೆ ನನ್ನ ತಕರಾರಿಲ್ಲ. ಅಷ್ಟಕ್ಕೇ ನಿಲ್ಲಿಸೋರು ಎಷ್ಟು ಜನ ಅನ್ನೋದೇ ಪ್ರಶ್ನೆ.

ಶೂನ್ಯ ಸರಿ, ತಿಪಟೂರು | ಮಧ್ಯಾಹ್ನ 12:40

ಬಿಚ್ಚಿಡಿ ಅಂತ ಸಲೀಸಾಗಿ ಹೇಳ್ತಿದೀರ. ಕೂರಿಸೋದರ ಕಷ್ಟ ಯಾರೂ ಹೇಳಲಿಲ್ಲ.

ಸ್ಟೇಯರ್, ಮೊರಿನಿ ಥರದ ಮ್ಯಾಚ್ ಏರ್ ಪಿಸ್ತೂಲು ಬರೋದು ಓಪನ್ ಸೈಟಿಗೆ ಅಂತಾನೇ. ಡಾಟ್ ಬೇಕಂದ್ರೆ ಆ ಮಾಡೆಲ್ಲಿಗೇ ಮಾಡಿದ ಪ್ರತ್ಯೇಕ ಮೌಂಟ್ ಹುಡುಕ್ಬೇಕು. ಕೆಲವು ಸ್ಪ್ರಿಂಗ್ ಪಿಸ್ತೂಲುಗಳಲ್ಲಿ 11 ಮಿ.ಮೀ. ಡವ್‌ಟೇಲ್ ತೋಡು (ಸೈಟ್ ಕೂರಿಸೋ ಜಾಗ) ಇರುತ್ತೆ, ಮಾರುಕಟ್ಟೇಲಿ ಸಿಗೋ ಬಹುತೇಕ ಡಾಟ್ ಅಗಲದ ಪಿಕಟಿನಿ ರೈಲಿಗೆ. ನಡುವೆ ಅಡಾಪ್ಟರ್ ಹಾಕಿದ್ರೆ ಎತ್ತರ ಇನ್ನೂ ಏರುತ್ತೆ. ಸ್ಪ್ರಿಂಗ್ ಪಿಸ್ತೂಲಿನ ಒದೆತ ಹಿಂದಕ್ಕೊಂದು ಮುಂದಕ್ಕೊಂದು, ಅಗ್ಗದ ಡಾಟಿನ ಒಳಗಿನ ಬೆಸುಗೆ ಕಿತ್ತು ಬರೋದು ಈ ಮುಂದಿನ ಒದೆತಕ್ಕೆ.

ಕೂರಿಸೋ ಕ್ರಮ: ತೋಡು, ಮೌಂಟಿನ ತಳ, ಸ್ಕ್ರೂ ಮೂರನ್ನೂ ಸ್ಪಿರಿಟ್ಟಲ್ಲಿ ಒರೆಸಿ ಎಣ್ಣೆ ಜಿಡ್ಡು ತೆಗೀರಿ. ಮೊದಲು ಸ್ಕ್ರೂನ ಒಣದಾಗಿ ಪೂರ್ತಿ ತಿರುಗಿಸಿ ನೋಡಿ, ತೂತಿನ ತಳಕ್ಕೆ ಮೊದಲೇ ತಗುಲಿ ನಿಂತ್ರೆ ಬಿಗಿಯಾದ ಹಾಗೆ ಅನ್ಸುತ್ತೆ, ಮೌಂಟ್ ಮಾತ್ರ ಸಡಿಲ. ಆಮೇಲೆ ನೀಲಿ ಲಾಕ್‌ಟೈಟ್ ಒಂದು ಚುಕ್ಕೆ, ಕೆಂಪು ಹಾಕಿದ್ರೆ ಬಿಸಿ ಮಾಡದೆ ಬಿಚ್ಚೋಕೆ ಬರಲ್ಲ. ಎರಡು ಸ್ಕ್ರೂ ಇದ್ರೆ ಒಂದೊಂದಾಗಿ ಸ್ವಲ್ಪ ಸ್ವಲ್ಪ ಬಿಗೀರಿ. ಚಿಕ್ಕ ಸೈಟಿಗೆ 1.5 ನ್ಯೂಟನ್ ಮೀಟರ್ ಆಸುಪಾಸು ಸಾಕು, ಜತೆಗೆ ಬಂದ ಚೀಟಿಯಲ್ಲಿ ಬೇರೆ ಬರೆದಿದ್ರೆ ಅದೇ ಸರಿ. ಕೊನೆಗೆ ಸ್ಕ್ರೂ ತಲೆಯಿಂದ ಮೌಂಟಿಗೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೀರಿ. ಗೆರೆ ಮುರಿದ್ರೆ ಸ್ಕ್ರೂ ತಿರುಗಿದೆ ಅಂತ ಅರ್ಥ, ನೂರು ಪೆಲೆಟ್ ಹಾಳು ಮಾಡಿ ಕಂಡುಹಿಡಿಯೋದು ಬೇಡ.

ಮುಂಗಣ್ಣು, ತುಮಕೂರು | 12:58

ಎತ್ತರ ಏರಿದ್ರೆ ಏನಾಗುತ್ತೆ ಸಾರ್? ಝೀರೋ ಮಾಡ್ಕೊಂಡ್ರೆ, ಅಂದ್ರೆ ಗುಂಡು ಗುರಿಗೇ ಬೀಳೋ ಹಾಗೆ ಸೈಟ್ ಹೊಂದಿಸ್ಕೊಂಡ್ರೆ ಆಯ್ತಲ್ಲ?

ಶೂನ್ಯ ಸರಿ, ತಿಪಟೂರು | 1:20

ಒಂದೇ ದೂರಕ್ಕೆ ಆಯ್ತು. ಚುಕ್ಕೆ ಬ್ಯಾರೆಲ್ಲಿಗಿಂತ 40 ಮಿ.ಮೀ. ಮೇಲಿದೆ, ಪೆಲೆಟ್ ವೇಗ ಸೆಕೆಂಡಿಗೆ 150 ಮೀಟರ್ ಅಂದ್ಕೊಳ್ಳಿ. 10 ಮೀಟರಿಗೆ ಝೀರೋ ಮಾಡಿದ್ದು ಮನೆ ಮಹಡಿಯ 5 ಮೀಟರಲ್ಲಿ ಸುಮಾರು 15 ಮಿ.ಮೀ. ಕೆಳಗೆ ಬೀಳುತ್ತೆ. ಸೈಟು ಕೆಟ್ಟಿದೆ ಅಂತ ಕ್ಲಿಕ್ ತಿರುಗಿಸ್ತಾರೆ, ಮಾರನೇ ದಿನ ರೇಂಜಲ್ಲಿ ಎಲ್ಲ ಮೇಲಕ್ಕೆ. ಜತೆಗೆ ಪಿಸ್ತೂಲು ಪಕ್ಕಕ್ಕೆ ವಾಲಿದ್ರೆ ಗುಂಡೂ ಪಕ್ಕಕ್ಕೆ ಹೋಗುತ್ತೆ. ಓಪನ್ ಸೈಟಿನ ನೇರ ಮೇಲಂಚು ವಾಲಿದ್ದನ್ನ ತಕ್ಷಣ ತೋರಿಸುತ್ತೆ, ಗುಂಡಗಿನ ಚುಕ್ಕೆ ತೋರಿಸಲ್ಲ.

ಝೀರೋ ಬಗ್ಗೆ ಇನ್ನೊಂದು. ಓಪನ್ ಸೈಟಲ್ಲಿ ನಾವು ಕಪ್ಪಿನ ನಡುವಿಗೆ ಹಿಡಿಯಲ್ಲ, ಕಪ್ಪು ಬ್ಲೇಡು ಕಪ್ಪಲ್ಲಿ ಕರಗಿಹೋಗುತ್ತೆ. ಕೆಳಗೆ ಬಿಳಿ ಪಟ್ಟಿ ಬಿಟ್ಟು ಹಿಡೀತೀವಿ. ಕಪ್ಪಿನ ತ್ರಿಜ್ಯ 30, ಬಿಳಿ ಪಟ್ಟಿ 15 ಬಿಟ್ರೆ ಗುಂಡು ಹಿಡಿದ ಜಾಗಕ್ಕಿಂತ 45 ಮಿ.ಮೀ. ಮೇಲೆ ಬೀಳೋ ಹಾಗೆ ಸೈಟ್ ಕೂರಿಸಿರ್ತೀವಿ. ಡಾಟಲ್ಲಿ ನೇರ ನಡುವಿಗೆ. ಹಾಗಾಗಿ ಎರಡೂ ಸೈಟ್ ಒಂದೇ ಪಿಸ್ತೂಲಲ್ಲಿಟ್ಟು ಒಂದರ ಮೇಲೊಂದು ತಾಳೆ ನೋಡ್ತೀನಿ ಅನ್ನೋದು ನಡೆಯದ ಮಾತು.

ಕ್ಲಿಕ್ಕು: ಡಾಟಲ್ಲಿ ಸಾಮಾನ್ಯವಾಗಿ 1 ಎಂಒಎ, 10 ಮೀಟರಲ್ಲಿ 2.9 ಮಿ.ಮೀ. ಐದು ಪೆಲೆಟ್ ಗುಂಪಿನ ನಡು 12 ಮಿ.ಮೀ. ಎಡಕ್ಕಿದ್ರೆ ಬಲಕ್ಕೆ 4 ಕ್ಲಿಕ್. ಒಂದು ಪೆಲೆಟ್ ನೋಡಿ ತಿರುಗಿಸಬೇಡಿ. ಓಪನ್ ಸೈಟಲ್ಲಿ ರಿಯರನ್ನ ಗುಂಡು ಹೋಗಬೇಕಾದ ಕಡೆಗೇ ಸರಿಸೋದು.

ಅಮಾನಿಕೆರೆ, ತುಮಕೂರು | 1:45

ಒಪ್ಪಿದೆ, 10 ಮೀಟರಲ್ಲಿ ಸೋತೆ. ಆದ್ರೆ ಅಮೆರಿಕದ ಬುಲ್ಸ್‌ಐ ಮ್ಯಾಚಲ್ಲಿ 50 ಗಜಕ್ಕೆ ಡಾಟ್ ಹಾಕಿ ಹೊಡೀತಾರೆ, ಐಪಿಎಸ್‌ಸಿ (ಓಡಾಡ್ತಾ ವೇಗವಾಗಿ ಹೊಡೆಯೋ ಪಂದ್ಯ) ಓಪನ್ ವಿಭಾಗದಲ್ಲಿ ಡಾಟೇ ರಾಜ. ಒಲಿಂಪಿಕ್ಸಲ್ಲಿ ಲೇಸರ್ ಪಿಸ್ತೂಲೇ ಬಂದಿದೆಯಂತೆ. ನಾವಿನ್ನೂ ನಾಚ್ ಹಿಡ್ಕೊಂಡು ಕೂತಿದೀವಿ.

ನಂದಿಗಾಳಿ, ಚಿಕ್ಕಬಳ್ಳಾಪುರ | 2:02

ಲೇಸರ್ ಪಿಸ್ತೂಲು ಮಾಡರ್ನ್ ಪೆಂಟಾಥ್ಲಾನಲ್ಲಿ, 2012ರ ಲಂಡನ್ನಿಂದ. ಅಲ್ಲಿ ಪೆಲೆಟ್ ಬದಲು ಲೇಸರ್ ಹೋಗುತ್ತೆ, ಗುರಿ ಹಿಡಿಯೋದು ಅದೇ ಓಪನ್ ಸೈಟಲ್ಲಿ. ಗುಂಡೂ ಸೈಟೂ ಒಂದೇ ಮಾಡ್ಬೇಡಿ.

ಬುಲ್ಸ್‌ಐ, ಐಪಿಎಸ್‌ಸಿ ಮಾತು ನಿಜ. ಅಲ್ಲಿ ದೂರ ಹೆಚ್ಚು, ಇಲ್ಲಾ ವೇಗ ಹೆಚ್ಚು, ಡಾಟಿನ ಗುಣ ಅಲ್ಲೇ ಕಾಣೋದು. ನಮ್ಮ 25 ಮೀಟರ್ ರ್‍ಯಾಪಿಡ್ ಫೈರಲ್ಲಿ 4 ಸೆಕೆಂಡಿಗೆ ಐದು ಟಾರ್ಗೆಟ್ ಹೊಡೀಬೇಕು, ಅದೂ ಓಪನ್ ಸೈಟಲ್ಲೇ. 2012ರಲ್ಲಿ ವಿಜಯ್ ಕುಮಾರ್ ಬೆಳ್ಳಿ ತಂದಿದ್ದು ಅದರಲ್ಲೇ.

ರಾಗಿಮುದ್ದೆ, ಮಾಲೂರು | 2:10

2024ರಲ್ಲಿ ಪ್ಯಾರಿಸಲ್ಲಿ ಮನು ಭಾಕರ್ ತಂದ ಎರಡು ಕಂಚು, ನಮ್ಮ ಕರ್ನಾಟಕದ ದಿವ್ಯಾ ಟಿ.ಎಸ್. ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ ಸರಬ್ಜೋತ್ ಜತೆ ತಂದ ಬೆಳ್ಳಿ, ಎಲ್ಲ 10 ಮೀಟರು, ಎಲ್ಲ ನಾಚು ಬ್ಲೇಡು.

ಅಮಾನಿಕೆರೆ, ತುಮಕೂರು | 2:14

ಅವರಿಗೆ 47 ಆಗ್ಲಿ ತಡೀರಿ.

ಲೆಕ್ಕದ ಮೇಷ್ಟ್ರು, ಮಧುಗಿರಿ | 2:50

ಬೆಳಕಿನ ವಿಷಯ ಬಿಟ್ಟುಹೋಗಿದೆ. ಫ್ರಂಟ್ ಸೈಟ್ ಮಬ್ಬು ಅನ್ನೋರಲ್ಲಿ ಎಷ್ಟೋ ಜನಕ್ಕೆ ತೊಂದರೆ ಕಣ್ಣಿಂದಲ್ಲ, ಶೆಡ್ಡಿಂದು. ಟಾರ್ಗೆಟ್ ಮೇಲೆ ಕನಿಷ್ಠ 1500 ಲಕ್ಸ್ (ಬೆಳಕಿನ ಅಳತೆ) ಬೇಕು. ಮೊಬೈಲಿನ ಲಕ್ಸ್ ಆಪ್ ಅಂದಾಜಿಗೆ ಸಾಕು, ಫೋನನ್ನ ಟಾರ್ಗೆಟ್ ಜಾಗದಲ್ಲಿ ಹೊಡೆಯೋನ ಕಡೆ ಮುಖ ಮಾಡಿ ಹಿಡೀರಿ. ಬಾಗಿಲಿಂದ ಬಿಸಿಲು ಒಂದೇ ಪಕ್ಕಕ್ಕೆ ಬಿದ್ರೆ ಬ್ಲೇಡಿನ ಆ ಅಂಚು ಹೊಳೆದು ಬ್ಲೇಡೇ ಸಣ್ಣಗೆ ಕಾಣುತ್ತೆ, ಗುಂಪು ಪಕ್ಕಕ್ಕೆ ಸರಿಯುತ್ತೆ. ಬೆಳಿಗ್ಗೆ ಒಂದು ಝೀರೋ, ಸಂಜೆ ಒಂದು ಝೀರೋ ಅಂತ ಗೊಣಗೋರು ಮೊದಲು ಒಂದು ಪರದೆ ಕಟ್ಲಿ.

ಹೊಳೆಯೋ ಬ್ಲೇಡಿಗೆ ಮದ್ದು ಪೂಜೆ ಸಾಮಾನಲ್ಲೇ ಇದೆ: ಕರ್ಪೂರ. ಬ್ಲೇಡನ್ನ ಪಿಸ್ತೂಲಿಂದ ಬಿಚ್ಚಿ, ಇಕ್ಕಳದಲ್ಲಿ ಹಿಡಿದು, ಉರಿಯೋ ಕರ್ಪೂರದ ಹೊಗೆಯ ತುದಿಗೆ ಎರಡು ಸೆಕೆಂಡ್ ತೋರಿಸಿ. ಕಾಡಿಗೆ ಕಟ್ಟಿದ ಹಾಗೆ ಮಸಿ ಕೂರುತ್ತೆ, ಒಂಚೂರೂ ಹೊಳಪಿರಲ್ಲ. ಬೆರಳು ತಾಗಿಸಬೇಡಿ. ಬಿಚ್ಚದೆ, ಗಾಳಿ ಸಿಲಿಂಡರ್ ಸಮೇತ ಹೊಗೆಗೆ ಹಿಡಿಯೋ ಬುದ್ಧಿವಂತರು ಯಾರಾದ್ರೂ ಇದ್ರೆ ದಯವಿಟ್ಟು ನಮ್ಮ ರೇಂಜಿಗೆ ಬರಬೇಡಿ.

ಶೂನ್ಯ ಸರಿ, ತಿಪಟೂರು | 3:05

ಸಿಲಿಂಡರ್ ಅಂದ ಕೂಡ್ಲೆ ನೆನಪಾಯ್ತು. ಡಾಟೋ ಓಪನ್ನೋ ಅಂತ ಜಗಳ ಆಡೋಕೆ ಮುಂಚೆ ನಿಮ್ಮ ಸಿಲಿಂಡರ್ ಮೇಲಿನ ದಿನಾಂಕ ನೋಡಿ. ತಯಾರಾಗಿ 10 ವರ್ಷ ದಾಟಿದ್ರೆ ಮ್ಯಾಚಿಗೂ ಬೇಡ, ಮನೆಗೂ ಬೇಡ. 200 ಬಾರ್ ಒತ್ತಡ ತಮಾಷೆ ಅಲ್ಲ. ಸೆಕೆಂಡ್ ಹ್ಯಾಂಡ್ ಪಿಸ್ತೂಲ್ ಕೊಳ್ಳೋವಾಗ ಎಲ್ಲರೂ ಗ್ರಿಪ್ ಸವರಿ ನೋಡ್ತಾರೆ, ದಿನಾಂಕ ಯಾರೂ ನೋಡಲ್ಲ.

ರಾಗಿಮುದ್ದೆ, ಮಾಲೂರು | 3:18

ಡಾಟ್ ಕೊಂಡೇ ತೀರ್ತೀನಿ ಅನ್ನೋರಿಗೆ: ಪ್ರಕಾಶ ಕಾಣೋಕೆ ಬೇಕಾದಷ್ಟೇ ಇಡಿ. ಹೆಚ್ಚು ಇಟ್ರೆ ಚುಕ್ಕೆ ಊದಿಕೊಂಡು 3 ಎಂಒಎ ಹೋಗಿ 6ರ ಥರ ಕಾಣುತ್ತೆ. ತೆರೆದ ಮಾದರಿಯಲ್ಲಿ ಎಲ್‌ಇಡಿ ಮೇಲೆ ಧೂಳು ಕೂತ್ರೆ ಚುಕ್ಕೆ ಚೆಲ್ಲಾಡುತ್ತೆ, ಊದೋ ರಬ್ಬರ್ ಬಲ್ಬಲ್ಲಿ ಊದಿ, ಅಂಗಿ ಚುಂಗಲ್ಲಿ ಉಜ್ಜಬೇಡಿ. ನಮ್ಮ ಕಡೆ ಕಲ್ಲುಪುಡಿ ಧೂಳು ಗಾಜಿನ ಲೇಪ ಗೀರಿಬಿಡುತ್ತೆ. ಸೆಲ್ಲು 2032 ಆದ್ರೆ ವಾಚ್ ರಿಪೇರಿ ಅಂಗಡೀಲೇ ಸಿಗುತ್ತೆ, 1632 ಬಹಳ ಕಡೆ ಸಿಗಲ್ಲ, ಕೊಳ್ಳೋಕೆ ಮುಂಚೆ ನೋಡ್ಕೊಳ್ಳಿ.

ಮುಂಗಣ್ಣು, ತುಮಕೂರು | 4:30

ಎಲ್ರಿಗೂ ಧನ್ಯವಾದ. ಡಾಟ್ ದುಡ್ಡು ಸದ್ಯಕ್ಕೆ ಜೇಬಲ್ಲೇ ಇರ್ಲಿ. ಸೋಮವಾರ ಕಡ್ಡಿ, ರಟ್ಟು ಹಿಡ್ಕೊಂಡು ಕನ್ನಡಕದಂಗಡಿಗೆ. ಒಂದೇ ಅನುಮಾನ, ರಿಯರ್ ನಾಚಿನ ಅಗಲ ಎಷ್ಟಿರಬೇಕು? ಈಗ ಬ್ಲೇಡಿನ ಎರಡೂ ಪಕ್ಕ ಕೂದಲೆಳೆಯಷ್ಟು ಬೆಳಕಿದೆ.

ಟ್ರಿಗರ್ ರಾಯ, ಕೋಲಾರ | 4:41

ಅದೇ ಅರ್ಧ ರೋಗ! ಕೂದಲೆಳೆ ಬೆಳಕಲ್ಲಿ ಮಬ್ಬು ಅಂಚುಗಳು ಒಂದಕ್ಕೊಂದು ಅಂಟಿಕೊಳ್ತವೆ, ಕಣ್ಣು ಬೇಗ ಸೋಲುತ್ತೆ. ಪಕ್ಕದ ಸ್ಕ್ರೂ ತಿರುಗಿಸಿ ನಾಚ್ ಅಗಲ ಮಾಡಿ. ಒಂದೊಂದು ಪಕ್ಕದ ಬೆಳಕು ಬ್ಲೇಡಿನ ಅಗಲದ ಅರ್ಧದಷ್ಟಾದ್ರೂ ಕಾಣ್ಬೇಕು, ನಿಮ್ಮ ವಯಸ್ಸಿಗೆ ಇನ್ನೂ ಸ್ವಲ್ಪ ಹೆಚ್ಚೇ ಇರ್ಲಿ. ಎರಡು ಪಕ್ಕದ ಬೆಳಕು ಸಮ ಇದೆಯಾ ಅಂತ ನೋಡೋದು ಕಣ್ಣಿಗೆ ಸಲೀಸು. ಗುರಿ ಹಿಡಿದು 8 ಸೆಕೆಂಡಲ್ಲಿ ಗುಂಡು ಹೋಗದಿದ್ರೆ ಕೈ ಇಳಿಸಿ, ಉಸಿರು ತಗೊಂಡು ಮತ್ತೆ ಎತ್ತಿ. 75 ನಿಮಿಷಕ್ಕೆ 60 ಗುಂಡು, ಟೈಮು ಬೇಕಾದಷ್ಟಿದೆ.

ಕನ್ನಡಕದಂಗಡಿ, ಚಿಂತಾಮಣಿ | 4:50

ಹೊಸ ಗಾಜು ಬರೋವರೆಗೆ ನಾಚ್ ಮುಟ್ಟಬೇಡಿ. ಗಾಜು ಬಂದ ದಿನ ಮೊದಲು ಅದನ್ನ ಹಾಕ್ಕೊಂಡು ಬೆಳಕು ನೋಡಿ, ಆಮೇಲೆ ಸ್ಕ್ರೂ, ಆಮೇಲೆ ಝೀರೋ. ಎರಡೂ ಒಟ್ಟಿಗೆ ಬದಲಿಸಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ.

ತಟ್ಟೆಇಡ್ಲಿ | 4:58

30×40 ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ ನೋಡಿ.